ಕೋಟ್ ಬೇರಿ ಬಂಗಲೆಗೆ ಯಾರು ಬರುತ್ತಾರೆ?

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತೆಂದರೆ ಚಿರಾಗ್ ದೀನನ ನಾಲಿಗೆ ಅವನ ಹಿಡಿತದಲ್ಲಿ ಇರುತ್ತಿರಲಿಲ್ಲ. ಮಿಕ್ಕ ದಿನಗಳಲ್ಲಿ ಅವನು ಕೋಟ್ ಬೇರಿ ನಾಲೆ ಬಂಗಲೆಯ ಚೌಕೀದಾರ. ಕಿಟಕಿ ಪಕ್ಕ ಕೂತ ದಿನ ಮಾತ್ರ ಇನ್ನೂ ಸ್ವಲ್ಪ ದೊಡ್ಡವನಾಗುತ್ತಿದ್ದ. ಆ ಮಂಗಳವಾರ ಪೇಟೆಯಿಂದ ಬರುವಾಗ ಪಕ್ಕದಲ್ಲಿ ಕೂತಿದ್ದ ಬಿಳಿ ಮುಂಡಾಸಿನ ರೈತ ಬೇರೆ, ಹೇಳಿದ್ದಕ್ಕೆಲ್ಲ ತಲೆದೂಗುವ ಜಾತಿಯವನು. ಇಂಥವರು ಸಿಕ್ಕರೆ ಸಾಧುಸಂತರೂ ನಾಲ್ಕು ಮಾತು ಹೆಚ್ಚಿಗೆ ಹೇಳಿಬಿಡುತ್ತಾರೆ, ಚಿರಾಗ್ ದೀನ್ ಯಾವ ಲೆಕ್ಕ?

"ತಾವು ಯಾವ ಇಲಾಖೆ?" ಎಂದ ರೈತ.

"ನಾಲೆ."

"ನಾಲೆಯಲ್ಲಿ ಏನಾಗಿದ್ದೀರಿ?"

"ಕೋಟ್ ಬೇರಿ ಬಂಗಲೆ ಇದೆಯಲ್ಲ, ಅದು ಪೂರ್ತಿ ನಮ್ಮ ಕೈಯಲ್ಲೇ ಇದೆ."

ಇದನ್ನು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಬಂಗಲೆಯ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಬೀಗವೂ ಇತ್ತು. ಅದನ್ನು ಹಾಕುವ ಮುಂಬಾಗಿಲನ್ನು ಮಾತ್ರ ಯಾರೋ ಕಿತ್ತುಕೊಂಡು ಹೋಗಿ ಕೆಲವು ವರ್ಷಗಳಾಗಿದ್ದವು.

ರೈತನ ಹೆಸರು ಮಿಯಾಂ ಮೆಹಂಗಾ. ಊರು ಟಿಬ್ಬಿ, ನಾಲೆಯ ಕಟ್ಟಕಡೆಯ ಊರು. ನಾಲೆಯಲ್ಲಿ ಕಡೆಯ ಊರು ಅಂದರೆ ಏನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಕುಡಿದು, ಕುಡಿಸಿ, ಚೆಲ್ಲಿ, ಕದ್ದು, ಏನಾದರೂ ಉಳಿದರೆ ಅದು ಟಿಬ್ಬಿಗೆ. ಏನೂ ಉಳಿಯುತ್ತಿರಲಿಲ್ಲ.

"ನಮ್ಮೂರ ತೂಬಿನಲ್ಲಿ ಹಲ್ಲಿ ಮೊಟ್ಟೆ ಇಟ್ಟಿದೆ ಸಾಹೇಬ್," ಎಂದ ಮೆಹಂಗಾ.

"ನೀವು ಯೋಚನೆ ಮಾಡಬೇಡಿ. ನಾನು ಹೇಳಿ ಕಳಿಸ್ತೀನಿ," ಎಂದುಬಿಟ್ಟ ಚಿರಾಗ್ ದೀನ್. ಯಾರಿಗೆ ಹೇಳಿ ಕಳಿಸುವುದು, ಯಾರ ಕೈಲಿ ಕಳಿಸುವುದು, ಅದೆಲ್ಲ ಕಿಟಕಿಯ ಗಾಳಿಗೆ ಹೊಳೆಯಲಿಲ್ಲ.

ಮಾತು ನೀರಿನಿಂದ ಎಮ್ಮೆಗೆ, ಎಮ್ಮೆಯಿಂದ ಮಕ್ಕಳಿಗೆ ಹೊರಳಿತು. ಮೆಹಂಗಾನಿಗೆ ಮದುವೆಗೆ ಬಂದ ಮಗನಿದ್ದ. ಚಿರಾಗ್ ದೀನನಿಗೆ ಮದುವೆಗೆ ಬಂದ ಮಗಳಿದ್ದಳು. ತನ್ನ ಹೊಲ ಹಸುರಾಗಿ ನಳನಳಿಸುತ್ತಿದೆ ಎಂದು ಮೆಹಂಗಾ ಹೇಳಿದ. ಹಲ್ಲಿ ಮೊಟ್ಟೆ ಇಟ್ಟ ತೂಬಿನ ಹೊಲ ಹಸುರಾಗುವುದು ಹೇಗೆಂದು ಕೇಳುವ ಬುದ್ಧಿ ಚಿರಾಗ್ ದೀನನಿಗೆ ಬರಲಿಲ್ಲ. ಬಸ್ಸು ಕೋಟ್ ಬೇರಿ ಸೇತುವೆಯ ಹತ್ತಿರ ನಿಂತಾಗ ಮೆಹಂಗಾ, "ಹಾಗಾದ್ರೆ ಬರೋ ಗುರುವಾರ ಅಲ್ಲ, ಅದರ ಮುಂದಿನ ಗುರುವಾರ ನಾನು ನಿಮ್ಮ ಮನೆಗೆ ಬಂದು ಹೋಗಲಾ?" ಎಂದ.

"ಮನೆಗ್ಯಾಕೆ? ಬಂಗಲೆಗೇ ಬನ್ನಿ," ಎಂದು ಹೇಳಿ ಚಿರಾಗ್ ದೀನ್ ಗತ್ತಿನಿಂದ ಇಳಿದ.

ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ತಾನು ಏನು ಹೇಳಿಬಿಟ್ಟೆ ಎನ್ನುವುದು ಅವನಿಗೆ ಹೊಳೆಯಿತು.

"ಬಂಗಲೆಗೇ ಬನ್ನಿ ಅಂದ್ಯಾ?" ಅವನ ಹೆಂಡತಿ ಸರ್ದಾರಾಂ ಬೀಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನಸೀಮ್ ಅಪ್ಪಾ, ಬಂಗಲೆಯಲ್ಲಿ ಎಮ್ಮೆ ಇದೆ."

"ಎಮ್ಮೇನ ಈಚೆ ಕಟ್ಟಿದರಾಯ್ತು."

"ಎಮ್ಮೇನ ಈಚೆ ಕಟ್ಟಿ ಅವರನ್ನ ಆಚೆ ಎಲ್ಲಿ ಕೂರಿಸ್ತೀಯ? ಒಂದು ಕುರ್ಚಿ ಇದೆಯಾ? ಒಂದು ಬಾಗಿಲಿದೆಯಾ?"

ಅವಳ ಮಾತು ನಿಜವೇ. ಪರಂಗಿ ದೊರೆಗಳು ಕುದುರೆ ದಣಿಯುವಷ್ಟು ದೂರಕ್ಕೊಂದರಂತೆ ನಾಲೆಯ ಉದ್ದಕ್ಕೂ ಕಟ್ಟಿಸಿದ ಬಂಗಲೆಗಳಲ್ಲಿ ಕೋಟ್ ಬೇರಿಯದು ಎಲ್ಲಕ್ಕಿಂತ ಚೆಂದದ್ದೆಂದು ಹೆಸರಾಗಿತ್ತು. ಆನೆ ನುಗ್ಗುವಷ್ಟು ಎತ್ತರದ ಚಾವಣಿ, ಸುತ್ತಲೂ ವರಾಂಡ, ಅಗ್ಗಿಷ್ಟಿಕೆ, ಹಿತ್ತಲಲ್ಲಿ ನೇರಳೆ ಮರಗಳು. ಆಮೇಲೆ ಜೀಪು ಬಂತು. ಜೀಪಿಗೆ ದಣಿವಿಲ್ಲ. ಸಾಹೇಬರುಗಳು ಬೆಳಗ್ಗೆ ಹೊರಟು ನಾಲೆಯನ್ನು ಕಿಟಕಿಯಿಂದಲೇ ನೋಡಿ ಸಂಜೆಗೆ ಮನೆಗೆ ಹೋಗಿ ಊಟ ಮಾಡತೊಡಗಿದರು. ಆಮೇಲಾಮೇಲೆ ಕಿಟಕಿಯಿಂದ ನೋಡುವುದನ್ನೂ ಬಿಟ್ಟರು. ಯಾರೂ ಮಲಗದ ಬಂಗಲೆಯಲ್ಲಿ ಮಂಚ ಯಾಕೆ ಎಂದು ಒಬ್ಬರಿಗೆ ಅನ್ನಿಸಿತು. ಯಾರೂ ಕೂರದ ಕಡೆ ಕುರ್ಚಿ ಯಾಕೆಂದು ಇನ್ನೊಬ್ಬರಿಗೆ ತೋರಿತು. ಹೀಗೆ ಸರ್ಕಾರದ ಸ್ವತ್ತನ್ನು ಗೆದ್ದಲಿನಿಂದ ಕಾಪಾಡುವ ಒಂದೇ ಉದ್ದೇಶದಿಂದ ಜನ ಅದನ್ನು ತಂತಮ್ಮ ಮನೆಗೆ ಸಾಗಿಸಿದ್ದರು.

ಆದರೆ ಮಗಳು ನಸೀಮಳ ಮದುವೆಯ ವಿಷಯ ನಗುವಂಥದ್ದಾಗಿರಲಿಲ್ಲ. ಈಗಾಗಲೇ ಎರಡು ಸಂಬಂಧ ಬಂದು ಮುರಿದಿದ್ದವು. ಎರಡು ಸಲವೂ ಹೆಣ್ಣು ನೋಡಲು ಬರುವವರ ಸುದ್ದಿ ಮೊದಲೇ ಊರಿಗೆ ಗೊತ್ತಾಗಿ, ಯಾರೋ ಪುಣ್ಯಾತ್ಮರು ಹೋಗಿ ಹುಡುಗಿ ಬಾಯಿಬಡುಕಿ ಎಂದು ಕಿವಿ ಊದಿ ಬಂದಿದ್ದರು. ಹುಡುಗಿ ಬಾಯಿಬಡುಕಿ ಎನ್ನುವುದು ಸುಳ್ಳಲ್ಲ. ಆದರೆ ಅದನ್ನು ಮದುವೆಯಾದ ಮೇಲೆ ತಿಳಿದುಕೊಳ್ಳುವ ಅವಕಾಶ ಎಲ್ಲ ಗಂಡಿನ ಕಡೆಯವರಿಗೂ ಇರಬೇಕೆಂಬುದು ಸರ್ದಾರಾಂ ಬೀಬಿಯ ವಾದ.

"ಈ ಸಲ ಯಾರಿಗೂ ಗೊತ್ತಾಗಕೂಡದು," ಎಂದು ಅವಳು ಗಂಡನ ಮುಂದೆ ಹಿಟ್ಟಿನ ಕೈ ಆಡಿಸಿದಳು. "ಯಾರು ಕೇಳಿದರೂ ಯಾರೂ ಬರ್ತಾ ಇಲ್ಲ ಅನ್ನು. ಅಷ್ಟು ಹೇಳೋಕೆ ಬರತ್ತಾ?"

"ಬರತ್ತೆ," ಎಂದ ಚಿರಾಗ್ ದೀನ್.

ಅವನು ಎಮ್ಮೆಯನ್ನು ಹೊರಗೆ ಕಟ್ಟಿದ. ಸಗಣಿ ಬಾಚಿ ನೆಲ ತೊಳೆದ. ಮಾರನೆಯ ದಿನ, ಒಂದು ಬಕೆಟ್ ಸುಣ್ಣ ಕಲಸಿ, ನಾಲೆ ರಸ್ತೆಯಿಂದ ವರಾಂಡದವರೆಗೆ ದಾರಿಯ ಎರಡೂ ಪಕ್ಕ ಓರೆಯಾಗಿ ನೆಟ್ಟಿದ್ದ ಇಟ್ಟಿಗೆಗಳಿಗೆ ಬಳಿಯತೊಡಗಿದ. ಬಂಗಲೆಗೆ ಬಾಗಿಲಿಲ್ಲದಿದ್ದರೆ ಹೋಗಲಿ, ಇಟ್ಟಿಗೆಯಾದರೂ ಬೆಳ್ಳಗಿರಬೇಕು ಎಂಬುದು ಅವನ ಆಲೋಚನೆ.

ಇಲ್ಲೇ ಅವನು ಎಡವಿದ್ದು. ಆ ನಾಲೆಯ ಸೀಮೆಯಲ್ಲಿ ಇಟ್ಟಿಗೆಗೆ ಸುಣ್ಣ ಬಳಿಯುವುದು ಒಂದೇ ಒಂದು ಕಾರಣಕ್ಕೆ. ಈದ್ ಬಂದರೂ ಬಳಿಯುವುದಿಲ್ಲ, ಮಗ ಹುಟ್ಟಿದರೂ ಬಳಿಯುವುದಿಲ್ಲ. ದೊಡ್ಡ ಸಾಹೇಬರು ಬರುವಾಗ ಮಾತ್ರ ಬಳಿಯುತ್ತಾರೆ. ತಾತನ ಕಾಲದಿಂದ ಹೀಗೇ ನಡೆದು ಬಂದದ್ದರಿಂದ ಬಿಳಿ ಇಟ್ಟಿಗೆ ಕಂಡರೆ ಅಲ್ಲಿನ ನಾಯಿಗಳೂ ದಾರಿ ಬಿಟ್ಟು ನಡೆಯುತ್ತವೆ.

ಮೊದಲು ನೋಡಿದವನು ನಾಲೆ ಏರಿಯ ಕೆಲಸದ ಬೇಲ್ದಾರ್ ಗಾಮಾ. ಸೈಕಲ್ಲಿನಿಂದ ಇಳಿದ. ಕಣ್ಣುಜ್ಜಿಕೊಂಡ.

"ಚಾಚಾ, ಯಾರು ಬರ್ತಾರೆ?"

"ಯಾರೂ ಇಲ್ಲ."

"ಸುಣ್ಣ ಬಳೀತಾ ಇದ್ದೀಯ."

"ಸುಮ್ಮನೆ ಬಳೀತಾ ಇದ್ದೀನಿ. ಸುಣ್ಣ ಮಿಕ್ಕಿತ್ತು."

ನಾಲೆ ಇಲಾಖೆಯಲ್ಲಿ ಸುಣ್ಣ ಮಿಕ್ಕಿದ್ದನ್ನು ಗಾಮಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಚಿರಾಗ್ ದೀನನ ಹತ್ತಿರಕ್ಕೆ ಸರಿದ. ಆಮೇಲೆ ದನಿ ತಗ್ಗಿಸಿ, "ಹೇಳಬಾರದು ಅಂತ ಆರ್ಡರ್ ಆಗಿದೆಯಾ?" ಎಂದ.

ಚಿರಾಗ್ ದೀನನಿಗೆ ಹೆಂಡತಿಯ ಹಿಟ್ಟಿನ ಕೈ ನೆನಪಾಯಿತು. "ಹೌದು," ಎಂದುಬಿಟ್ಟ.

ಗಾಮಾ ಸೈಕಲ್ ಹತ್ತಿ ಹೋದವನು ಅರ್ಧ ಗಂಟೆಯಲ್ಲಿ ಸನಿಕೆ, ಪೊರಕೆ ಹಿಡಿದುಕೊಂಡು ವಾಪಸ್ ಬಂದು ಏರಿಯ ಕಳೆ ಕೀಳತೊಡಗಿದ. ಅವನು ಕಳೆ ಕೀಳುವುದನ್ನು ನೋಡಿ ಮುಂದಿನ ಸರಹದ್ದಿನ ಬೇಲ್ದಾರ ಗಾಬರಿಯಾಗಿ ತಾನೂ ಶುರು ಮಾಡಿದ. ಗಾಮಾ ಕೆಲಸ ಮಾಡುತ್ತಿದ್ದಾನೆ ಎನ್ನುವ ಸುದ್ದಿ ನೀರಿಗಿಂತ ಬೇಗ ಕೆಳಗೂ ಮೇಲಕ್ಕೂ ಹರಿಯಿತು.

ಶನಿವಾರ ಓವರ್‌ಸಿಯರ್ ತುಫೈಲ್ ಸಾಹೇಬರ ಮೋಟಾರ್ ಸೈಕಲ್ ಬಂತು. ದಪ್ಪ ಮೀಸೆಯ, ಸಣ್ಣ ಎದೆಯ ಮನುಷ್ಯ. ಬೇರೆ ದಿನವಾಗಿದ್ದರೆ ರಸ್ತೆಯಿಂದಲೇ ಕೂಗಿ ಕರೆಯುತ್ತಿದ್ದವರು ಇಂದು ಬಿಳಿ ಇಟ್ಟಿಗೆಗಳ ನಡುವೆ ತೂಗಿ ತೂಗಿ ಹೆಜ್ಜೆಯಿಟ್ಟು ಬಂದರು.

"ಚಿರಾಗ್ ದೀನಾ, ನಾನು ನಿನಗೆ ಏನು ಅನ್ಯಾಯ ಮಾಡಿದ್ದೀನಿ?"

"ಏನೂ ಇಲ್ಲ ಸಾಹೇಬ್."

"ಹಾಗಾದ್ರೆ ನನಗ್ಯಾಕೆ ಹೇಳಲಿಲ್ಲ? ಯಾರು ಬರ್ತಾರೆ?"

"ಯಾರೂ ಇಲ್ಲ ಸಾಹೇಬ್. ಖುದಾನ ಆಣೆಗೂ ಯಾವ ಸಾಹೇಬರೂ ಬರ್ತಾ ಇಲ್ಲ."

ತುಫೈಲರ ಮುಖ ಬಿಳಚಿತು. ಇಲಾಖೆಯ ಮನುಷ್ಯನೊಬ್ಬ ಕೇಳದೆ ಆಣೆ ಹಾಕಿದ ಎಂದರೆ ವಿಷಯ ಎಷ್ಟು ಮೇಲಿನದಿರಬೇಕು! ಓವರ್‌ಸಿಯರ್‌ಗೆ ತಿಳಿಸದೆ ಚೌಕೀದಾರನಿಗೆ ನೇರವಾಗಿ ತಿಳಿಸಿದ್ದಾರೆ ಎಂದರೆ ಬರುವವರು ಓವರ್‌ಸಿಯರ್‌ನನ್ನು ಹಿಡಿಯಲಿಕ್ಕೇ ಬರುತ್ತಿದ್ದಾರೆ. ಈ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ತುಫೈಲ್ ಸಾಹೇಬರು ವರಾಂಡದ ಮೆಟ್ಟಿಲ ಮೇಲೆ ಕೂತು ನೀರು ಕೇಳಿ ಕುಡಿದರು.

"ಯಾವತ್ತು ಅಂತಾದ್ರೂ ಹೇಳು. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ಹೆಂಡತಿ ಮಕ್ಕಳು ಎಂದ ಕೂಡಲೆ ಚಿರಾಗ್ ದೀನನ ಕರುಳು ಚುರುಕ್ ಎಂದಿತು. "ಗುರುವಾರ," ಎಂದುಬಿಟ್ಟ.

ಭಾನುವಾರದಿಂದ ಬಂಗಲೆಯ ಸಾಮಾನುಗಳು ತಮ್ಮ ಕಾಲ ಮೇಲೆ ತಾವೇ ನಡೆದು ಬಂದಂತೆ ವಾಪಸ್ ಬರತೊಡಗಿದವು. ತುಫೈಲ್ ಸಾಹೇಬರೇ ಮೊದಲು ಎತ್ತಿನ ಗಾಡಿಯಲ್ಲಿ ಶೀಶಮ್ ಮರದ ಜೋಡಿ ಮಂಚ ಕಳಿಸಿದರು. ಜೊತೆಗೆ ಬಂದ ಆಳು, "ರಿಪೇರಿಗೆ ಅಂತ ಒಯ್ದಿದ್ರಂತೆ," ಎಂದ. ಮಂಚ ಒಯ್ದು ಹತ್ತು ವರ್ಷದ ಮೇಲಾಗಿತ್ತು. ಅದರ ಮೇಲೆ ಸಾಹೇಬರಿಗೆ ಐದು ಮಕ್ಕಳಾಗಿದ್ದವು. ಸೇತುವೆ ಹತ್ತಿರದ ಹಜಾಮ ನಿಲುವುಗನ್ನಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. "ಗುಡುಗಿಗೆ ಒಡೆದು ಹೋಗತ್ತೆ ಅಂತ ನಮ್ಮ ಅಂಗಡೀಲಿ ಇಟ್ಟಿದ್ದೆ ಚಾಚಾ. ದಿನಾ ಒರೆಸ್ತಾ ಇದ್ದೆ." ಹೀಗೆಂದವನು ಅಲ್ಲೇ ನಿಂತು, ಕುತ್ತಿಗೆ ಉದ್ದ ಮಾಡಿ, "ಯಾರು ಬರ್ತಾರೆ?" ಎಂದ.

"ಯಾರೂ ಇಲ್ಲ."

"ಅರ್ಥ ಆಯ್ತು, ಅರ್ಥ ಆಯ್ತು," ಎಂದು ಕಣ್ಣು ಮಿಟುಕಿಸಿ ಹೋದ.

ಮುಂಬಾಗಿಲು ಒಂದು ಕೋಳಿಗೂಡಿನಿಂದ ಬಂತು. ಊಟದ ಮೇಜು ಹೈಸ್ಕೂಲಿನಿಂದ, ಹಿಂಬದಿಯಲ್ಲಿ ಪ್ರೇಮಿಗಳ ಹೆಸರುಗಳ ಸಮೇತ ಬಂತು. ಎಲ್ಲಕ್ಕಿಂತ ದೊಡ್ಡ ಮೆರವಣಿಗೆ ಚೌಧರಿ ಮುಬಾರಿಜರದು. ನಾಲೆಯಲ್ಲಿ ಬಂಗಲೆಗಿಂತ ಮೇಲಿನ ಹಳ್ಳಿಯ ಜಮೀನ್ದಾರರು ಅವರು. ದೊರೆಗಳ ಎರಕದ ಸ್ನಾನದ ತೊಟ್ಟಿಯನ್ನು ನಾಲ್ಕು ಜನ ಹೊತ್ತು ತಂದರು. ಅದರಲ್ಲಿ ಅಷ್ಟು ವರ್ಷ ಚೌಧರಿಯವರ ಎಮ್ಮೆಗಳು ಹಿಂಡಿ ತಿಂದಿದ್ದವು. ಅಂದಿನಿಂದ ಮೂರು ದಿನ ಆ ಎಮ್ಮೆಗಳು ಬೇರೆ ಪಾತ್ರೆಯಲ್ಲಿ ತಿನ್ನಲೊಲ್ಲದೆ ಹಟ ಮಾಡಿದವೆಂದು ಕೇಳಿದ್ದೇನೆ.

ಚೌಧರಿ ತಾವೇ ಹಿಂದಿನಿಂದ ಬಂದು ವರಾಂಡದಲ್ಲಿ ಬೆತ್ತ ಊರಿ ನಿಂತರು. "ತುಫೈಲ್ ಬಂದು ನನ್ನ ಪೈಪುಗಳನ್ನೆಲ್ಲ ಮುಚ್ಚಿಸಿ ಹೋದ. ಹೊಲಕ್ಕೆ ನೀರಿಗೆ ಅಂತ ಏರಿ ಕೊರೆದು ಹಾಕಿಸಿದ ಪೈಪು, ನನ್ನಪ್ಪನ ಕಾಲದ್ದು! ಗುರುವಾರದ ತನಕ ತಡ್ಕೊಳ್ಳಿ ಅಂದ. ತಡ್ಕೋತೀನಿ. ಆದರೆ ಯಾರಿಗೋಸ್ಕರ ತಡ್ಕೋತಾ ಇದ್ದೀನಿ ಅಂತ ನನಗೆ ಗೊತ್ತಾಗಬೇಡವಾ?"

"ಯಾರೂ ಇಲ್ಲ ಚೌಧರಿ ಸಾಹೇಬ್," ಎಂದ ಚಿರಾಗ್ ದೀನ್. ಈ ಹೊತ್ತಿಗೆ ಅವನಿಗೆ ಆ ಮಾತನ್ನು ಹೇಳಿ ಹೇಳಿ ಗಂಟಲು ಕಟ್ಟಿತ್ತು.

"ನಿನ್ನಪ್ಪನೂ ಹೀಗೇ ಇದ್ದ. ಸತ್ತರೂ ಬಾಯಿ ಬಿಡ್ತಿರಲಿಲ್ಲ," ಎಂದು ಚೌಧರಿ ಮೆಚ್ಚಿ ಅವನ ಬೆನ್ನು ತಟ್ಟಿದರು.

ಮಂಗಳವಾರ ಬಂಗಲೆಯ ಒಳಗೆ ನಿಂತು ನೋಡಿದ ಚಿರಾಗ್ ದೀನನಿಗೆ ತಲೆ ಗಿರ್ರೆಂದಿತು. ಮಂಚದ ಜಾಗದಲ್ಲಿ ಮಂಚ. ಕನ್ನಡಿಯ ಜಾಗದಲ್ಲಿ ಕನ್ನಡಿ. ಬಾಗಿಲಿಗೆ ಬೀಗ ಹಾಕಿದ, ತೆಗೆದ, ಮತ್ತೆ ಹಾಕಿದ. ಮನೆಗೆ ಬಂದು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನಸೀಮ್ ಅಮ್ಮಾ, ನನಗೇನೋ ಅನುಮಾನ. ನಿಜವಾಗಲೂ ಯಾರೋ ಬರ್ತಾ ಇದ್ದಾರೆ," ಎಂದ.

"ಯಾರು?"

"ಅದೇ ತಿಳೀತಾ ಇಲ್ಲ. ಇಷ್ಟು ದೊಡ್ಡ ದೊಡ್ಡ ಜನ ಸುಮ್ಮನೆ ಸಾಮಾನು ವಾಪಸ್ ಕೊಡ್ತಾರಾ? ಅವರಿಗೆ ಏನೋ ಸುಳಿವು ಸಿಕ್ಕಿದೆ."

"ಸುಣ್ಣ ಬಳಿದೋನು ನೀನೇ ಅಲ್ವೇನಯ್ಯಾ?"

"ಬಳಿದೋನು ನಾನೇ. ಆದರೆ ನನಗೆ ಬಳೀಬೇಕು ಅಂತ ಯಾಕೆ ಅನ್ನಿಸ್ತು? ಅದನ್ನ ಯೋಚನೆ ಮಾಡಿದ್ಯಾ?"

ಸರ್ದಾರಾಂ ಬೀಬಿ ಮೇಲೆ ನೋಡಿ ದೇವರನ್ನು ಏನೋ ಕೇಳಿದಳು. ಮೂಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದ ನಸೀಮ್, "ಅಬ್ಬಾ, ನೀವು ಹಚ್ಚಿದ ಬೆಂಕೀಲಿ ನೀವೇ ಚಳಿ ಕಾಯಿಸ್ಕೋತಾ ಕೂತಿದ್ದೀರಲ್ಲ," ಎಂದಳು.

"ನೋಡು, ಈ ಬಾಯಿಂದಲೇ ಎರಡು ಸಂಬಂಧ ಹೋಗಿದ್ದು!" ಎಂದು ಚಿರಾಗ್ ದೀನ್ ಗದರಿಸಿದ. ಆದರೆ ಅವನಿಗೆ ನಿಜವಾದ ದಿಗಿಲು ಬೇರೆಯದಿತ್ತು. ಗುರುವಾರ ದೊಡ್ಡ ಸಾಹೇಬರೂ ಬಂದು, ಮೆಹಂಗಾನೂ ಬಂದರೆ? ಬಂಗಲೆ ತನ್ನ ಕೈಯಲ್ಲಿದೆ ಎಂದವನು ಮೆಹಂಗಾನ ಕಣ್ಣೆದುರಿಗೇ ಸಾಹೇಬರ ಬೂಟು ಬಿಚ್ಚುತ್ತ ಕೂತಿರಬೇಕಾದರೆ? ಮೂರನೆಯ ಸಂಬಂಧವೂ ಹೋದ ಹಾಗೆಯೇ. ಮೂರು ಸಲ ಮುರಿದ ಹುಡುಗಿಯನ್ನು ನಾಲ್ಕನೆಯವರು ಬಂದು ನೋಡುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ನಸೀಮಳಿಗೂ ಗೊತ್ತಿತ್ತು. ಅವಳು ತಲೆ ಬಗ್ಗಿಸಿ ಮತ್ತೆ ಹತ್ತಿ ಬಿಡಿಸತೊಡಗಿದಳು.

ಅಂದಹಾಗೆ, ಸರ್ದಾರಾಂ ಬೀಬಿಯೂ ಅವತ್ತು ಸದ್ದಿಲ್ಲದೆ ತನ್ನ ಕಾವು ಕೂತ ಕೋಳಿಯನ್ನು ಎಬ್ಬಿಸಿ, ಅದರ ಕೆಳಗಿದ್ದ ದೊರೆಗಳ ಸೂಪಿನ ಪಿಂಗಾಣಿ ಪಾತ್ರೆಯನ್ನು ತೊಳೆದು ಬಂಗಲೆಯ ಮೇಜಿನ ಮೇಲಿಟ್ಟು ಬಂದಳು.

ಗುರುವಾರ ಬಿಸಿಲೇರುವ ಹೊತ್ತಿಗೆ ಕೋಟ್ ಬೇರಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ತುಫೈಲ್ ಸಾಹೇಬರು ಮದುವೆಯ ಕೋಟು ಹಾಕಿಕೊಂಡು ಬಂದಿದ್ದರು. ಚೌಧರಿಯ ಮನೆಯಿಂದ ಹುರಿದ ಕೋಳಿ, ಪುಲಾವು, ಗಜ್ಜರಿ ಹಲ್ವ ಬಂದಿತ್ತು. ಹೈಸ್ಕೂಲಿನ ಮೇಷ್ಟ್ರು ಸ್ವಾಗತ ಭಾಷಣ ಬರೆದುಕೊಂಡು ಬಂದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಊರ ಜನ ಏರಿಯುದ್ದಕ್ಕೂ ಕೂತು ಕಡಲೆ ತಿನ್ನುತ್ತ ದೂಳಿನ ಕಡೆಗೇ ಕಣ್ಣಿಟ್ಟಿದ್ದರು. ದೂಳೆದ್ದಾಗಲೆಲ್ಲ ತುಫೈಲ್ ಸಾಹೇಬರು ಕೋಟಿನ ಗುಂಡಿ ಹಾಕಿಕೊಳ್ಳುವರು. ಕತ್ತೆ ಬಂತು. ಗುಂಡಿ ಬಿಚ್ಚಿದರು. ಕಬ್ಬಿನ ಗಾಡಿ ಬಂತು. ಹಾಕಿದರು, ಬಿಚ್ಚಿದರು.

"ಇಷ್ಟು ಹೊತ್ತಿಗೆ ಬಂದಿರಬೇಕಾಗಿತ್ತಲ್ಲಾ," ಎಂದು ಅವರು ಚಿರಾಗ್ ದೀನನನ್ನು ಗೋಗರೆದರು.

"ಬಂದಿರಬೇಕಾಗಿತ್ತು," ಎಂದ ಚಿರಾಗ್ ದೀನ್ ಅಷ್ಟೇ ಸಂಕಟದಿಂದ. ಒಬ್ಬರು ಒಬ್ಬರಿಗಾಗಿ ಕಾಯುತ್ತಿದ್ದರು, ಇನ್ನೊಬ್ಬರು ಇನ್ನೊಬ್ಬರಿಗಾಗಿ. ಚಿಂತೆ ಮಾತ್ರ ಒಂದೇ ತೂಕದ್ದು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕೆಳಗಿನ ಕಡೆಯಿಂದ, ಯಾರೂ ನೋಡದ ದಿಕ್ಕಿನಿಂದ, ಸೈಕಲ್ಲಿನ ಮೇಲೆ ಒಬ್ಬ ಬಂದ. ಪಂಚೆ ಮೊಣಕಾಲ ಮೇಲೆ, ಮೈಯೆಲ್ಲ ಕೆಸರು, ಮುಂಡಾಸು ಬಿಚ್ಚಿ ಹೆಗಲ ಮೇಲೆ. ಸೈಕಲ್ ಬಿಸಾಕಿ ಓಡುತ್ತ ಬಂದವನು ಬಿಳಿ ಇಟ್ಟಿಗೆಯ ಮೇಲೇ ಕಾಲಿಟ್ಟ.

"ಏಯ್! ಕಾಲು ತೆಗಿ! ಇಟ್ಟಿಗೆ ಮೇಲೆ ಕೆಸರು!" ಗಾಮಾ ಕಿರುಚಿದ.

"ಚಿರಾಗ್ ದೀನ್ ಸಾಹೇಬರು ಎಲ್ಲಿ?"

"ಸಾಹೇಬರಾ?" ಎಂದು ಗಾಮಾ ಬಾಯಿ ತೆರೆದ.

"ನೀರು ಬಂತು! ಟಿಬ್ಬಿಗೆ ನೀರು ಬಂತು! ನಿನ್ನೆ ಬಂತು, ಇನ್ನೂ ಬರ್ತಾನೇ ಇದೆ. ಸೊಂಟದ ತನಕ! ನನ್ನ ನೀರಿನ ಸರದಿ ಮುಗಿಸಿಕೊಂಡು ಹಾಗೇ ಬಂದೆ!"

ಬಂದವನು ಮಿಯಾಂ ಮೆಹಂಗಾ. ಚಿರಾಗ್ ದೀನ್ ಕಂಬದ ಹಿಂದೆ ಸರಿದ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ತುಫೈಲ್ ಸಾಹೇಬರ ಮುಖ ನೋಡಬೇಕಿತ್ತು! ತನಿಖೆಗೆ ಬರುವ ಸಾಹೇಬರಿಗೆ ತೋರಿಸಲು ಕಟ್ಟಕಡೆಯ ಊರಿನ ರೈತ, ತಾಜಾ ಕೆಸರಿನ ಸಮೇತ, ತಾನಾಗಿಯೇ ಬಂದು ನಿಂತಿದ್ದಾನೆ! ಇಂಥ ಸಾಕ್ಷಿಯನ್ನು ಹುಡುಕಿದರೂ ಸಿಗುವುದಿಲ್ಲ.

"ಬನ್ನಿ ಬಾಬಾ, ಬನ್ನಿ, ಕೂತ್ಕೊಳ್ಳಿ! ಕಾಲು ತೊಳೀಬೇಡಿ! ಯಾರೂ ಇವರ ಕಾಲು ತೊಳೆಯೋಕೆ ಬಿಡಬೇಡಿ! ಕೆಸರು ಹಾಗೇ ಇರಲಿ!" ಎಂದು ತಾವೇ ಕುರ್ಚಿ ಎಳೆದು ಅವನನ್ನು ವರಾಂಡದ ನಡುಮಧ್ಯದಲ್ಲಿ ಕೂರಿಸಿದರು.

ಕೂತ ಮೆಹಂಗಾ ಸುತ್ತ ನೋಡಿದ. ಮದುವೆ ಕೋಟಿನ ಓವರ್‌ಸಿಯರ್, ಬೆತ್ತದ ಚೌಧರಿ, ಭಾಷಣ ಹಿಡಿದ ಮೇಷ್ಟ್ರು. ಹೆಣ್ಣು ನೋಡಲು ಬಂದವನಿಗೆ ಇಷ್ಟು ಮರ್ಯಾದೆಯೇ ಎಂದು ಅವನ ಎದೆ ತುಂಬಿ ಬಂತು. "ನಾನು ಚಿರಾಗ್ ದೀನ್ ಸಾಹೇಬರ ಜೊತೆ ಒಂದು ಮಾತು ಒಳಗೆ ಆಡಬೇಕಿತ್ತು," ಎಂದ.

"ಆಡಿ, ಆಡಿ. ಆದರೆ ಎಲ್ಲೂ ಹೋಗಬೇಡಿ," ಎಂದರು ತುಫೈಲ್.

ಒಳಗೆ, ಎತ್ತರದ ಚಾವಣಿಯ ಕೆಳಗೆ, ಇಬ್ಬರೂ ಮಂಚದ ಅಂಚಿನಲ್ಲಿ ಕೂತರು. ಬಾಗಿಲ ಹಿಂದೆ ಸರ್ದಾರಾಂ ಬೀಬಿಯ ಬಳೆ ಸದ್ದಾಯಿತು.

"ಚಿರಾಗ್ ದೀನ್ ಸಾಹೇಬ್, ನಾನು ಬರಬಾರದು ಅಂತಲೇ ಇದ್ದೆ," ಎಂದ ಮೆಹಂಗಾ. "ಬಸ್ಸಿನಲ್ಲಿ ನಿಮಗೆ ಹಸುರು ಹೊಲ ಅಂದೆ. ಹಸುರು ಎಲ್ಲಿ ಬಂತು? ಚೌಳು ನೆಲ, ಬೆಳ್ಳಗೆ ಉಪ್ಪು ಉಕ್ಕತ್ತೆ. ಮಗನಿಗೆ ಹೆಣ್ಣು ಸಿಗಲ್ಲ ಅಂತ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಆಮೇಲೆ ಮನೆಗೆ ಹೋಗಿ ನಿದ್ದೆ ಬರಲಿಲ್ಲ. ಇನ್ನೊಬ್ಬರ ಮಗಳನ್ನ ತಂದು ಉಪ್ಪು ತಿನ್ನಿಸಲಾ? ಆದರೆ ನೀವು ಹೇಳಿ ಕಳಿಸ್ತೀನಿ ಅಂದ್ರಿ, ಕಳಿಸಿದ್ರಿ. ಮಾತು ಅಂದ್ರೆ ಇದು. ಈಗ ಬಂದಿದ್ದೀನಿ, ತಲೆ ಎತ್ತಿಕೊಂಡು ಬಂದಿದ್ದೀನಿ."

ಚಿರಾಗ್ ದೀನನ ಕಣ್ಣಲ್ಲಿ ನೀರು ಬಂತು. ತನಗಿಂತ ಒಳ್ಳೆಯವನೊಬ್ಬ ತನ್ನ ಮುಂದೆ ಕೂತು ಸುಳ್ಳನ್ನು ಒಪ್ಪಿಕೊಳ್ಳುತ್ತಿರುವಾಗ ತಾನು ಸಾಹೇಬನಾಗಿ ಕೂತಿರಲು ಅವನ ಕೈಲಾಗಲಿಲ್ಲ.

"ಮಿಯಾಂ, ನಾನು ಸಾಹೇಬ ಅಲ್ಲ. ಇಲ್ಲಿ ಚೌಕೀದಾರ. ನೀರು ನಾನು ಕಳಿಸಿದ್ದಲ್ಲ. ನೀವು ಬರ್ತೀರ ಅಂತ ಇಟ್ಟಿಗೆಗೆ ಸುಣ್ಣ ಬಳಿದೆ. ಅವರೆಲ್ಲ ಯಾರೋ ದೊಡ್ಡೋರು ಬರ್ತಾರೆ ಅಂದ್ಕೊಂಡು ಹೆದರಿ ಪೈಪುಗಳನ್ನ ಮುಚ್ಚಿಬಿಟ್ರು. ಇವತ್ತು ಸಂಜೆ ಯಾರೂ ಬರಲಿಲ್ಲ ಅಂತ ಗೊತ್ತಾದರೆ ನಾಳೆ ತೆಗೀತಾರೆ."

ಮೆಹಂಗಾ ತನ್ನ ಕೆಸರು ಕಾಲನ್ನು ನೋಡಿಕೊಂಡ. ಅಷ್ಟರಲ್ಲಿ ನಸೀಮ್ ಚಹಾ ತಂದಳು. ತಲೆ ಬಗ್ಗಿಸಿಕೊಂಡು ಬಂದು, ತಲೆ ಬಗ್ಗಿಸಿಕೊಂಡು ಹೋಗಬೇಕೆಂದು ತಾಯಿ ಹೇಳಿಕೊಟ್ಟಿದ್ದಳು. ಬಂದದ್ದು ಹಾಗೆಯೇ. ಹೋಗುವಾಗ ಮಾತ್ರ ನಿಂತು, "ಚಾಚಾ, ನೀವಿಬ್ರೂ ಒಂದೊಂದು ಸುಳ್ಳು ಹೇಳಿದ್ದೀರ. ಸರಿಸಮ ಆಯ್ತಲ್ಲ? ಚಹಾ ಆರೋಗತ್ತೆ," ಎಂದಳು.

ಬಾಗಿಲ ಹಿಂದೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಮೆಹಂಗಾನ ಮೀಸೆ ಅಲುಗಿತು. "ಇಷ್ಟು ದಿನ ನಮ್ಮನೇಲಿ ಮಾತಾಡೋರೇ ಇರಲಿಲ್ಲ. ನನ್ನ ಮಗ ಮೂಕ ಎತ್ತಿನ ಹಾಗೆ," ಎಂದು ಚಹಾ ಎತ್ತಿಕೊಂಡ. ಕುಡಿದು ಕೆಳಗಿಟ್ಟು ಗಂಭೀರವಾಗಿ ಹೇಳಿದ: "ಭಾಯಿ, ಹುಡುಗಿ ನನಗೆ ಒಪ್ಪಿಗೆ. ಆದರೆ ಗೋಧಿಗೆ ಒಂದು ನೀರು ಸಾಲಲ್ಲ. ಬೆಳೆ ಮನೆಗೆ ಬಂದರೆ ಮದುವೆ ದಿಬ್ಬಣ ತರ್ತೀನಿ. ಬರದಿದ್ರೆ ನಾನು ಮುಖ ತೋರಿಸಲ್ಲ. ನಿಮ್ಮ ಮಗಳು ಹಸಿದುಕೊಂಡಿರೋದನ್ನ ನೋಡೋಕೆ ನನ್ನಿಂದಾಗಲ್ಲ."

ಅಂದರೆ ಮಗಳ ಬಾಳು ಈಗ ಚೌಧರಿಯ ಪೈಪಿನ ಬಾಯಿಯಲ್ಲಿ ಸಿಕ್ಕಿಕೊಂಡಿತು. ಹೊರಗೆ ಹೋಗಿ ಒಂದು ಸುಳ್ಳು ಹೇಳಿದರೆ ಸಾಕು. ಸಾಹೇಬರ ಪ್ರಯಾಣ ಮುಂದಕ್ಕೆ ಹೋಗಿದೆ, ಗೋಧಿ ಕೊಯ್ಲಿನೊಳಗೆ ಯಾವತ್ತಾದರೂ ಬರುತ್ತಾರೆ, ಅಷ್ಟೆ. ಚಿರಾಗ್ ದೀನ್ ಆ ಮಾತನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ನೋಡಿದ, ಮೂರನೆಯ ಸಲ ಹೆಂಡತಿಗೆ ಒಪ್ಪಿಸಿದ, ಬಾಗಿಲು ತೆರೆದು ವರಾಂಡಕ್ಕೆ ಬಂದ.

ಹೊರಗೆ ಪುಲಾವು ತಣ್ಣಗಾಗಿತ್ತು. ತಾಳ್ಮೆಯೂ ಮುಗಿದಿತ್ತು.

"ಸಾಕು!" ಎಂದರು ಚೌಧರಿ, ಬೆತ್ತ ಕುಟ್ಟಿ. "ಈಗ ಈ ಕ್ಷಣ ಹೇಳು. ಯಾರು ಬರಬೇಕಾಗಿತ್ತು?"

ಎಲ್ಲರೂ ಮುಂದಕ್ಕೆ ಬಾಗಿದರು. ಏರಿಯ ಮೇಲೆ ಕಡಲೆ ಅಗಿಯುವ ಸದ್ದೂ ನಿಂತಿತು. ಚಿರಾಗ್ ದೀನ್ ಬಾಯಿ ತೆರೆದ. ಕಲಿತ ಸುಳ್ಳು ಬರಲಿಲ್ಲ. ಬೇಕೆಂದು ಸುಳ್ಳು ಹೇಳಲು ಅವನಿಗೆ ಬರುವುದೇ ಇಲ್ಲ. ಅವನ ಸುಳ್ಳೆಲ್ಲ ತಾವಾಗಿ ಜಾರಿ ಬಿದ್ದಂಥವು. ಈ ಸಲ ನಿಜ ಜಾರಿತು.

"ಬರಬೇಕಾದೋರು ಬಂದಾಯ್ತು ಚೌಧರಿ ಸಾಹೇಬ್. ಟಿಬ್ಬಿಯ ಮಿಯಾಂ ಮೆಹಂಗಾ. ನನ್ನ ಮಗಳನ್ನ ನೋಡೋಕೆ ಬಂದಿದ್ದಾರೆ. ಇವರಿಗೋಸ್ಕರವೇ ಸುಣ್ಣ ಬಳಿದಿದ್ದು. ಬೇರೆ ಯಾರೂ ಬರ್ತಾ ಇರಲಿಲ್ಲ."

ಒಳಗಿನಿಂದ ಸರ್ದಾರಾಂ ಬೀಬಿ, "ಅಯ್ಯೋ, ಮುಗೀತು!" ಎಂದದ್ದು ಎಲ್ಲರಿಗೂ ಕೇಳಿಸಿತು.

ತುಫೈಲ್ ಸಾಹೇಬರು ಕೆಸರು ಕಾಲಿನ ಮೆಹಂಗಾನನ್ನು ನೋಡಿದರು. ಬಿಳಿ ಇಟ್ಟಿಗೆಗಳನ್ನು ನೋಡಿದರು. ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ತಮ್ಮ ಮಂಚವನ್ನು ನೋಡಿದರು. ಚೌಧರಿ ತೊಟ್ಟಿಯನ್ನು ನೋಡಿದರು. ಮೇಷ್ಟ್ರು ಮೇಜನ್ನು. ಈ ಮಾತನ್ನು ನಂಬುವುದು ಅವರ ಯಾರ ಕೈಲೂ ಆಗುವಂತಿರಲಿಲ್ಲ. ನಂಬಿದರೆ, ಒಬ್ಬ ಚೌಕೀದಾರನ ಮಗಳನ್ನು ನೋಡಲು ಒಬ್ಬ ರೈತ ಬರುತ್ತಾನೆಂದು ಹೆದರಿ ಕದ್ದ ಮಂಚ ವಾಪಸ್ ಕೊಟ್ಟೆವು ಎಂದು ಇಡೀ ಊರಿನೆದುರು ಒಪ್ಪಿಕೊಂಡ ಹಾಗಾಗುತ್ತದೆ. ಮರ್ಯಾದಸ್ಥರು ಇಂಥದ್ದನ್ನೆಲ್ಲ ನಂಬಬಾರದು.

ತುಫೈಲ್ ಸಾಹೇಬರೇ ಮೊದಲು ನಕ್ಕರು. "ಹೆಣ್ಣು ನೋಡೋಕಂತೆ! ಕೇಳಿದ್ರಾ ಚೌಧರಿ ಸಾಹೇಬ್?"

"ಕೇಳಿದೆ," ಎಂದರು ಚೌಧರಿ, ಕಣ್ಣು ಕಿರಿದು ಮಾಡಿ. "ಚಿರಾಗ್ ದೀನಾ, ನಮ್ಮನ್ನ ಹಾಲು ಕುಡಿಯೋ ಮಕ್ಕಳು ಅಂದ್ಕೊಂಡ್ಯಾ? ಹೇಳಬಾರದು ಅಂತ ಆರ್ಡರ್ ಇದ್ರೆ ಹೇಳಬೇಡ. ಆದರೆ ಇಂಥ ಕಥೆ ಕಟ್ಟಬೇಡ."

"ಖುದಾನ ಆಣೆಗೂ ನಿಜ."

"ಮತ್ತೆ ಆಣೆ!" ಎಂದು ತುಫೈಲ್ ಸಾಹೇಬರು ಬೆಚ್ಚಿದರು. ಅವರ ದನಿ ಒಮ್ಮೆಗೇ ಇಳಿಯಿತು. "ಪೈಪು ಒಂದನ್ನೂ ತೆಗೀಬೇಡಿ ಚೌಧರಿ ಸಾಹೇಬ್. ಇವತ್ತು ಬರಲಿಲ್ಲ ಅಂದ್ರೆ ನಾವು ಮೈಮರೀಲಿ ಅಂತ ಕಾಯ್ತಾ ಇದ್ದಾರೆ. ನನಗೆ ದೊಡ್ಡೋರ ಬುದ್ಧಿ ಗೊತ್ತು."

ತಣ್ಣಗಾದ ಪುಲಾವನ್ನೂ ಕೋಳಿಯನ್ನೂ ಸಾಕ್ಷಿಯ ಹೊಟ್ಟೆ ತುಂಬಿರಲಿ ಎಂದು ಮೆಹಂಗಾನಿಗೇ ಬಡಿಸಿದರು. ಅವನು ಬೀಗರ ಮನೆಯ ಮೊದಲ ಊಟವೆಂದು ಬೇಡವೆನ್ನದೆ ಉಂಡ.

ಆ ಚಳಿಗಾಲವೆಲ್ಲ ಕೋಟ್ ಬೇರಿ ಕಾದಿತು. ಜೀಪಿನ ಸದ್ದಾದರೆ ಜನ ಮನೆಯಿಂದ ಹೊರಗೆ ಬರುತ್ತಿದ್ದರು. ಬರುವವರು ಮಂತ್ರಿ ಎಂದು ಕೆಲವರು, ವಿಲಾಯತಿನಿಂದ ಯಾರೋ ಹಳೆಯ ದೊರೆಯ ಮೊಮ್ಮಗ ಎಂದು ಕೆಲವರು. ಹಜಾಮ ಮಾತ್ರ ಬಂದು ಹೋಗಿಯೂ ಆಯಿತು, ವೇಷ ಹಾಕಿಕೊಂಡು ಬಂದಿದ್ದರು ಎಂದು ಸಾಧಿಸುತ್ತಿದ್ದ. ಮಂಚ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಪೈಪು ಮುಚ್ಚಿಯೇ ಇತ್ತು. ಟಿಬ್ಬಿಯಲ್ಲಿ ಗೋಧಿ ಎದೆಯೆತ್ತರ ಬಂತು.

ಕೊಯ್ಲು ಮುಗಿದ ಮೇಲೆ ದಿಬ್ಬಣವೂ ಬಂತು. ನಿಕಾಹ್ ಬಂಗಲೆಯ ವರಾಂಡದಲ್ಲೇ ಆಯಿತು. ಸಂಜೆ ಟಾಂಗಾದಲ್ಲಿ ಕೂತ ನಸೀಮ್, ಅಷ್ಟು ಮಾತಿನವಳು, ಅಪ್ಪನ ಕೊರಳು ತಬ್ಬಿ ಒಂದು ಮಾತೂ ಆಡಲಿಲ್ಲ. ಟಾಂಗಾ ನಾಲೆಯ ಏರಿಯನ್ನು ಹಿಡಿದು ಕೆಳಗಿನ ಕಡೆಗೆ ಹೊರಟಿತು. ಪಕ್ಕದಲ್ಲೇ ನೀರೂ ಅದೇ ಕಡೆಗೆ ಹೋಗುತ್ತಿತ್ತು. ಚಿರಾಗ್ ದೀನ್ ಗೇಟಿನ ಕಂಬ ಹಿಡಿದು, ಕಣ್ಣು ಮಬ್ಬಾಗಿ ಏನೂ ಕಾಣದಿದ್ದರೂ, ನೋಡುತ್ತಲೇ ನಿಂತ. ಮಗಳು ಹೋದಳು ಎನ್ನುವುದು ಆಗ ಅವನ ಮನಸ್ಸಿಗೆ ಮುಟ್ಟಿತು.

ಮದುವೆಗೆಂದು ಕೋಟು ಹಾಕಿಕೊಂಡು ಬಂದಿದ್ದ ತುಫೈಲ್ ಸಾಹೇಬರು ಮೆಲ್ಲಗೆ ಪಕ್ಕಕ್ಕೆ ಬಂದರು. ಅವನು ದಾರಿಯನ್ನೇ ನೋಡುತ್ತಿರುವುದನ್ನು ಕಂಡು ಅವರ ಕೈ ತಾನಾಗಿಯೇ ಗುಂಡಿಗೆ ಹೋಯಿತು.

"ಈಗಲಾದ್ರೂ ಹೇಳು ಚಿರಾಗ್ ದೀನಾ. ಯಾರು ಬರ್ತಾರೆ?"

"ಬರೋರು ಯಾರೂ ಇಲ್ಲ ಸಾಹೇಬ್," ಎಂದ ಚಿರಾಗ್ ದೀನ್, ಮುಂಡಾಸಿನ ತುದಿಯಿಂದ ಕಣ್ಣೊರೆಸಿಕೊಂಡು. "ಹೋಗೋಳು ಹೋದಳು."